ಹಿಮಹಲಗೆಗೆ ಹಿಂಬದಿಯಿಂದ ಪಾದವಿರಿಸುವ ಬೈಂಡಿಂಗ್: ಯಾರಿಗೆ ಯಾವುದು?

ನಮ್ಮ ಬಂಧುಬಾಂಧವರ ಪೈಕಿ ಅನೇಕರ ಮಕ್ಕಳು ಇಂದು ಅಮೆರಿಕೆ, ಕೆನಡಾ ಮೊದಲಾದ ಶೀತದೇಶಗಳಲ್ಲಿ ಸಂಸಾರ ಹೂಡಿಕೊಂಡಿರುವುದು ಓದುಗರೆಲ್ಲರೂ ಬಲ್ಲ ಸಂಗತಿಯೇ ಆಗಿದೆ. ಅಲ್ಲಿಯೇ ಹುಟ್ಟಿ ಬೆಳೆದ ಮೊಮ್ಮಕ್ಕಳು ಚಳಿಗಾಲ ಬಂದೊಡನೆ ಹಿಮದ ಗುಡ್ಡಗಳಿಗೆ ಹೋಗುವ ಮಾತನ್ನು ದೂರವಾಣಿಯಲ್ಲಿ ಆಡುತ್ತಾರೆ. ಇಲ್ಲಿರುವ ಅಜ್ಜ ಅಜ್ಜಿಯರು "ಜೋಕೆ" ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಯಾವುದರ ಬಗ್ಗೆ ಜೋಕೆ ಎಂಬುದು ಹೇಳುವವರಿಗೂ ತಿಳಿದಿರುವುದಿಲ್ಲ. ನಾವೂ ಹಾಗೆಯೇ ಇದ್ದವರು. 2023ರ ಡಿಸೆಂಬರಿನಲ್ಲಿ ನಾವು ದಂಪತಿಗಳು ಕೊಲೊರಾಡೊ ರಾಜ್ಯದ ಡೆನ್ವರ್ ನಗರದ ಸಮೀಪವಿರುವ ಮಗಳ ಮನೆಗೆ ಹೋಗಿ ನಾಲ್ಕು ತಿಂಗಳು ಇದ್ದೆವು. ಆ ಅವಧಿಯಲ್ಲಿ ಒಂದು ಚಿಕ್ಕ ಉಪಕರಣದ ವಿಷಯವಾಗಿ ಆ ಮನೆಯಲ್ಲಿ ನಡೆದ ಚರ್ಚೆ, ಆದ ತಪ್ಪು, ಅದರಿಂದ ಮೊಮ್ಮಗಳಿಗೆ ಒದಗಿದ ನೋವು ಇವುಗಳನ್ನು ಕಣ್ಣಾರೆ ಕಂಡ ಬಳಿಕ, ಅದೇ ಸ್ಥಿತಿಯಲ್ಲಿರುವ ಕುಟುಂಬಗಳಿಗೆ ಪ್ರಯೋಜನವಾಗಲೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಸ್ನೋಬೋರ್ಡ್ ಎಂಬುದು ಹಿಮದ ಇಳಿಜಾರಿನಲ್ಲಿ ಜಾರಲು ಬಳಸುವ ಒಂಟಿ ಹಲಗೆ. ಸ್ಕೀ ಆಟದಲ್ಲಿ ಕಾಲಿಗೊಂದರಂತೆ ಎರಡು ಪಟ್ಟಿಗಳಿದ್ದರೆ, ಇಲ್ಲಿ ಎರಡೂ ಪಾದಗಳು ಒಂದೇ ಹಲಗೆಯ ಮೇಲೆ ಅಡ್ಡಲಾಗಿ ನಿಲ್ಲುತ್ತವೆ. 1965ರಲ್ಲಿ ಮಿಷಿಗನ್ ರಾಜ್ಯದ ಶೆರ್ಮನ್ ಪಾಪೆನ್ ಎಂಬವರು ತಮ್ಮ ಹೆಣ್ಣುಮಕ್ಕಳ ಆಟಕ್ಕಾಗಿ ಎರಡು ಸ್ಕೀಗಳನ್ನು ಜೋಡಿಸಿ ಮಾಡಿಕೊಟ್ಟ 'ಸ್ನರ್ಫರ್' ಎಂಬ ಆಟಿಕೆಯೇ ಇದರ ಪೂರ್ವರೂಪ. ಅದರಲ್ಲಿ ಪಾದವನ್ನು ಹಿಡಿದಿಡುವ ಸಾಧನವೇ ಇರಲಿಲ್ಲ. 1977ರಲ್ಲಿ ವರ್ಮಾಂಟ್ ರಾಜ್ಯದಲ್ಲಿ ತಮ್ಮ ಕಾರ್ಖಾನೆಯನ್ನು ಆರಂಭಿಸಿದ ಜೇಕ್ ಬರ್ಟನ್ ಕಾರ್ಪೆಂಟರ್ ಮೊದಲಾದವರು ಹಲಗೆಗೆ ಪಾದವನ್ನು ಬಿಗಿಯುವ ವ್ಯವಸ್ಥೆಯನ್ನು ರೂಢಿಗೆ ತಂದ ಮೇಲೆಯೇ ಇದು ನಿಜವಾದ ಕ್ರೀಡೆಯಾಯಿತು. 1998ರಲ್ಲಿ ಜಪಾನಿನ ನಾಗಾನೊ ಒಲಿಂಪಿಕ್ಸಿನಲ್ಲಿ ಇದಕ್ಕೆ ಮೊದಲ ಬಾರಿಗೆ ಸ್ಥಾನ ದೊರೆಯಿತು. ಪಾದವನ್ನು ಹಲಗೆಗೆ ಬಿಗಿಯುವ ಆ ಸಾಧನಕ್ಕೆ ಬೈಂಡಿಂಗ್ ಎಂದು ಹೆಸರು. ನಮ್ಮ ಕೊಲ್ಹಾಪುರಿ ಚಪ್ಪಲಿಗೆ ಉಂಗುಟವೂ ಪಟ್ಟಿಯೂ ಹೇಗೋ ಹಲಗೆಗೆ ಬೈಂಡಿಂಗ್ ಹಾಗೆ. ಅದು ಸಡಿಲವಾದರೆ ಪಾದರಕ್ಷೆ ಎಷ್ಟೇ ಬೆಲೆಯದಾಗಿದ್ದರೂ ನಡಿಗೆ ಕೆಡುತ್ತದೆ.

ಸಾಮಾನ್ಯವಾಗಿ ಎಲ್ಲೆಡೆ ಕಾಣಬರುವ ಬೈಂಡಿಂಗಿಗೆ ಎರಡು ಪಟ್ಟಿಗಳಿರುತ್ತವೆ. ಒಂದು ಕಣಕಾಲಿನ ಮುಂಭಾಗಕ್ಕೆ, ಇನ್ನೊಂದು ಬೆರಳುಗಳ ಮೇಲಕ್ಕೆ. ಹಲ್ಲುಗಳಿರುವ ಪಟ್ಟಿಯನ್ನು ಬಕಲಿಗೆ ತೂರಿಸಿ ಕಟಕಟನೆ ಎಳೆದು ಬಿಗಿಯಬೇಕು. ಹಿಮ್ಮಡಿಯ ಹಿಂದೆ ಮೀನಖಂಡದವರೆಗೆ ಏರುವ ಒಂದು ಒರಗು ಇರುತ್ತದೆ; ಅದನ್ನು ಹೈಬ್ಯಾಕ್ ಎನ್ನುತ್ತಾರೆ. ಹಿಂಬದಿಯಿಂದ ಪಾದವಿರಿಸುವ ಬೈಂಡಿಂಗಿನಲ್ಲಿ ಈ ಒರಗೇ ಬಾಗಿಲು. ಅದರ ಬೆನ್ನಿಗಿರುವ ಲಿವರನ್ನು ಬಿಡಿಸಿದೊಡನೆ ಒರಗು ಹಿಂದಕ್ಕೆ ಮಲಗುತ್ತದೆ. ಬೂಟನ್ನು ಹಿಂದಿನಿಂದ ಒಳಕ್ಕೆ ಜಾರಿಸಿ, ಒರಗನ್ನು ಎತ್ತಿ, ಲಿವರನ್ನು ಒತ್ತಿ ಮುಚ್ಚಿದರೆ ಉಕ್ಕಿನ ತಂತಿಯ ಬಿಗಿತದಿಂದ ಎಲ್ಲವೂ ಒಂದಾಗಿ ನಿಲ್ಲುತ್ತದೆ. ಪಟ್ಟಿಯನ್ನು ಪ್ರತಿಸಲವೂ ಬಿಚ್ಚಿ ಕಟ್ಟುವ ಕೆಲಸವಿಲ್ಲ. 1990ರ ದಶಕದ ನಡುಭಾಗದಲ್ಲಿ ಫ್ಲೋ ಎಂಬ ಸಂಸ್ಥೆ ಈ ಪದ್ಧತಿಯನ್ನು ಪ್ರಚಾರಕ್ಕೆ ತಂದಿತು. 2016ರಲ್ಲಿ ಆ ಸಂಸ್ಥೆ ಸ್ವಿಟ್ಜರ್ಲೆಂಡಿನ ನಿಡೆಕರ್ ಬಳಗದ ವಶವಾಯಿತು. ಕೆ2 ಸಂಸ್ಥೆಯ ಸಿಂಚ್, ಎಸ್‌ಪಿ ಸಂಸ್ಥೆಯ ಬೈಂಡಿಂಗುಗಳು ಇದೇ ಜಾತಿಯವು.

ಪಟ್ಟಿ ಕಟ್ಟಲು ಎಷ್ಟು ಹೊತ್ತು ಬೇಕು, ಅದಕ್ಕೇಕೆ ಇಷ್ಟು ಸಂಭ್ರಮ ಎಂದು ಓದುಗರು ಕೇಳಬಹುದು. ನಾವೂ ಕೇಳಿದೆವು. ಉತ್ತರವನ್ನು ಗುಡ್ಡದಲ್ಲಿಯೇ ಕಂಡೆವು. ಇಳಿಜಾರಿನ ತುದಿಗೆ ಹೋಗಲು ತೂಗುಕುರ್ಚಿಯ ಲಿಫ್ಟ್ ಇರುತ್ತದೆ. ಅದನ್ನು ಏರುವಾಗ ಮುಂಗಾಲನ್ನು ಮಾತ್ರ ಹಲಗೆಗೆ ಬಿಗಿದುಕೊಂಡು ಹಿಂಗಾಲನ್ನು ಬಿಡಿಸಿಕೊಂಡಿರಬೇಕು. ಮೇಲೆ ಇಳಿದ ಬಳಿಕ ಹಿಂಗಾಲನ್ನು ಮತ್ತೆ ಬಿಗಿಯಬೇಕು. ದಿನಕ್ಕೆ ಹತ್ತು ಹದಿನೈದು ಸಲ ಇದೇ ಕ್ರಮ. ಸ್ಕೀಯವರು ಕುರ್ಚಿಯಿಂದ ಇಳಿದವರು ಇಳಿದಂತೆಯೇ ಜಾರಿ ಹೋಗುತ್ತಾರೆ. ಹಲಗೆಯವರು ಸಾಲಾಗಿ ಹಿಮದಲ್ಲಿ ಕುಳಿತು, ಕೈಗವಸು ಕಳಚಿ, ಪಟ್ಟಿಯೊಡನೆ ಸೆಣಸುತ್ತಿರುತ್ತಾರೆ. ಬಟ್ಟೆ ತೊಯ್ಯುತ್ತದೆ, ಬೆರಳು ಮರಗಟ್ಟುತ್ತದೆ, ಜೊತೆಗೆ ಬಂದವರು ಕಾಯುತ್ತ ನಿಲ್ಲಬೇಕಾಗುತ್ತದೆ. ಹಿಂಬದಿಯ ಬೈಂಡಿಂಗ್ ಉಳ್ಳವರು ಸಮತಟ್ಟಾದ ಜಾಗದಲ್ಲಿ ನಿಂತೇ ಕಾಲಿರಿಸಿ, ಬಾಗಿ ಲಿವರ್ ಮುಚ್ಚಿ ಹೊರಟುಬಿಡುತ್ತಾರೆ. ನಮ್ಮ ಅಳಿಯಂದಿರು ಇದಕ್ಕೆ ಮನಸೋತದ್ದು ಈ ಕಾರಣದಿಂದಲೇ.

ಆ ಮನೆಯಲ್ಲಿ ಹಲಗೆಯವರು ಮೂವರು. ಹನ್ನೆರಡು ವರ್ಷದ ಮೊಮ್ಮಗಳು ಆ ವರ್ಷವೇ ಕಲಿಯತೊಡಗಿದವಳು. ನಲವತ್ತನಾಲ್ಕರ ಅಳಿಯಂದಿರು ಐದಾರು ಚಳಿಗಾಲಗಳಿಂದ ಅಭ್ಯಾಸವಿದ್ದವರು, ಆದರೆ ಸೊಂಟನೋವಿನವರು. ಅಳಿಯಂದಿರ ತಮ್ಮ, ಅಂದರೆ ನಮ್ಮ ಮಗಳ ಮೈದುನ, ಮರಗಳ ನಡುವಣ ಆಳವಾದ ಹಿಮದಲ್ಲಿಯೂ ಲೀಲಾಜಾಲವಾಗಿ ಇಳಿಯಬಲ್ಲ ನುರಿತ ತರುಣ. ಮೂವರಿಗೂ ಒಂದೇ ಬಗೆಯ ಬೈಂಡಿಂಗ್ ಸರಿಯೇ ಎಂಬುದೇ ಚರ್ಚೆಯ ವಿಷಯವಾಗಿತ್ತು.

ಮೊದಲ ಅಳತೆಯ ಮಾತು

ಇಲ್ಲಿ ಮೊಮ್ಮಗಳ ಪ್ರಸಂಗವನ್ನೇ ಮೊದಲು ಹೇಳುವುದು ಉಚಿತ. ಅವಳಿಗೆ ಅಳಿಯಂದಿರು ಹಿಂಬದಿಯ ಬೈಂಡಿಂಗನ್ನೇ ಕೊಂಡರು. ಕೊಂಡ ದಿನ ಅವಳ ಬಳಿ ಸ್ವಂತ ಬೂಟು ಇರಲಿಲ್ಲ. ಗೆಳತಿಯ ಅಕ್ಕನ ಹಳೆಯ ಬೂಟುಗಳನ್ನು ಎರವಲು ತಂದಿದ್ದಳು. ಅವು ತುಸು ದೊಡ್ಡವು, ಹೊರಮೈಯೂ ದಪ್ಪ. ಚಳಿಗೆ ಮಗುವಿನ ಕಾಲು ಸೆಟೆದೀತೆಂದು ನಮ್ಮ ಮನೆಯವರು ಎರಡು ಜೊತೆ ಉಣ್ಣೆಯ ಕಾಲುಚೀಲಗಳನ್ನು ಬೇರೆ ತೊಡಿಸಿದ್ದರು. ಅಂಗಡಿಯಲ್ಲಿ ಆ ಬೂಟಿಗೆ ತಕ್ಕಂತೆ ಪಟ್ಟಿಯ ಬಿಗಿತವನ್ನು ಹೊಂದಿಸಿ ಕೊಟ್ಟರು. ಮೊದಲ ಎರಡು ವಾರ ಕಲಿಕೆ ಸುಗಮವಾಗಿಯೇ ನಡೆಯಿತು. ಮೂರನೆಯ ವಾರಕ್ಕೆ ಹುಟ್ಟುಹಬ್ಬದ ಉಡುಗೊರೆಯಾಗಿ ಹೊಸ ಬೂಟುಗಳು ಬಂದವು. ಪಾದಕ್ಕೆ ಒಪ್ಪುವ ಅಳತೆಯವು, ಹಳೆಯವಕ್ಕಿಂತ ಸಪೂರವಾದವು. ಕಾಲುಚೀಲವೂ ಒಂದೇ ಜೊತೆಯಾಯಿತು. ಬೈಂಡಿಂಗಿನ ಪಟ್ಟಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಅಂದು ಬೆಳಿಗ್ಗೆ ಲಿವರ್ ಬಹು ಹಗುರವಾಗಿ ಮುಚ್ಚಿಕೊಂಡಿತು. ಹುಡುಗಿ ತಾನೇ ಮುಚ್ಚಿಕೊಂಡಳೆಂದು ನಾವೆಲ್ಲರೂ ಸಂತೋಷಪಟ್ಟೆವು. ಎರಡನೆಯ ಸಲ ಇಳಿದು ಬಂದಾಗ, "ಅಜ್ಜಾ, ಒಳಗ ಬೂಟು ಅಳ್ಳಾಡಾಕತ್ತೈತಿ" ಎಂದಳು. ಹೊಸ ಬೂಟು, ಒಗ್ಗಿಕೊಳ್ಳಬೇಕು ಎಂದು ನಾವು ಸಮಾಧಾನ ಹೇಳಿದೆವು. ಆ ಮಾತು ಇಂದಿಗೂ ನಮ್ಮನ್ನು ಚುಚ್ಚುತ್ತದೆ. ನಾಲ್ಕನೆಯ ಸಲ ಅವಳು ಗುಡ್ಡಕ್ಕೆ ಮುಖ ಮಾಡಿ, ಬೆರಳುಗಳ ಕಡೆಯ ಅಂಚಿನ ಮೇಲೆ ಭಾರ ಹಾಕಿ ಜಾರುತ್ತಿದ್ದಾಗ ಬೂಟಿನ ಹಿಮ್ಮಡಿ ಬೈಂಡಿಂಗಿನ ತಳದಿಂದ ಮೇಲೆದ್ದಿತು. ಕಾಲು ಬಾಗಿತು, ಹಲಗೆ ಅದರೊಡನೆ ಬಾಗಲಿಲ್ಲ. ಹಲಗೆ ಚಪ್ಪಟೆಯಾಯಿತು, ಇಳಿಜಾರಿನ ಕಡೆಗಿದ್ದ ಹಿಮ್ಮಡಿಯಂಚು ಹಿಮಕ್ಕೆ ಕಚ್ಚಿಕೊಂಡಿತು, ಹುಡುಗಿ ಬೆನ್ನ ಹಿಂದಕ್ಕೆ ಬಿದ್ದಳು. ಬೀಳುವಾಗ ಕೈಯೂರಿದ್ದರಿಂದ ಎಡ ಮಣಿಕಟ್ಟಿನ ಎಲುಬು ಬಿರಿಯಿತು. ಆರು ವಾರ ಕೈಗೆ ಕಟ್ಟು.

ಸ್ನೋಬೋರ್ಡಿನ ಬೈಂಡಿಂಗ್ ಸ್ಕೀ ಬೈಂಡಿಂಗಿನಂತೆ ಬಿದ್ದಾಗ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ ಎಂಬುದನ್ನು ಅರಿತಿರಬೇಕು. ಎರಡೂ ಪಾದಗಳು ಒಂದೇ ಹಲಗೆಗೆ ಸೇರಿರುವುದರಿಂದ ಮೊಣಕಾಲು ತಿರುಚುವ ಭಯ ಸ್ಕೀಗಿಂತ ಕಡಿಮೆ; ಆದರೆ ಕೈಯೂರಿ ಬೀಳುವುದರಿಂದ ಮಣಿಕಟ್ಟಿಗೆ ಆಗುವ ಪೆಟ್ಟು ಹೊಸಬರಲ್ಲಿ ತೀರ ಸಾಮಾನ್ಯ. ಮಣಿಕಟ್ಟಿನ ಕಾಪು ಧರಿಸಿದ್ದರೆ ಈ ಪೆಟ್ಟು ತಪ್ಪುವ ಸಂಭವ ಹೆಚ್ಚು. ಅದನ್ನು ನಾವು ಕೊಂಡದ್ದು ಕಟ್ಟು ಬಿಚ್ಚಿದ ಮೇಲೆ.

ಈ ಘಟನೆಯ ಬಳಿಕ ಆ ಮನೆಯವರೆಲ್ಲ ಕುಳಿತು ಯೋಚಿಸಿದಾಗ ಸ್ಪಷ್ಟವಾದ ವಿಷಯ ಇದು. ಎರಡು ಪಟ್ಟಿಯ ಸಾಮಾನ್ಯ ಬೈಂಡಿಂಗ್ ಆಗಿದ್ದರೆ ಹುಡುಗಿ ಪ್ರತಿಸಲವೂ ತನ್ನ ಕೈಯಿಂದಲೇ ಹಲ್ಲುಪಟ್ಟಿಯನ್ನು ಎಳೆದು ಬಿಗಿಯುತ್ತಿದ್ದಳು. ಬೂಟು ಸಪೂರವಾದರೆ ಎರಡು ಹಲ್ಲು ಹೆಚ್ಚು ಎಳೆಯುತ್ತಿದ್ದಳು, ಅಷ್ಟೇ. ಹಿಂಬದಿಯ ಬೈಂಡಿಂಗ್ ಹಾಗಲ್ಲ. ಅದು ಮೊದಲು ತೆಗೆದ ಅಳತೆಯನ್ನೇ ನೂರು ಸಲವೂ ಕೊಡುತ್ತದೆ. ಆ ಅಳತೆ ಸರಿಯಿದ್ದರೆ ನೂರು ಸಲವೂ ಸರಿ, ತಪ್ಪಿದ್ದರೆ ನೂರು ಸಲವೂ ತಪ್ಪು. ಆದಕಾರಣ, ಯಾವ ಮಾದರಿ ಕೊಳ್ಳಬೇಕೆಂಬ ಪ್ರಶ್ನೆಗಿಂತ ಮೊದಲು ಅಳತೆ ತೆಗೆಯುವವರು ಯಾರು ಎಂಬುದನ್ನು ಮನೆಯಲ್ಲಿ ನಿಶ್ಚಯಿಸಿಕೊಳ್ಳಬೇಕು. ಹೊಸದಾಗಿ ಕಲಿಯುವವರಿಗೆ ಬಿಗಿತದ ಅರಿವು ಇರುವುದಿಲ್ಲ. ಬೂಟು ಹೇಗಿರಬೇಕೆಂಬುದೇ ತಿಳಿಯದವರು ಅದು ಸಡಿಲವಾಗಿದೆ ಎಂದು ದೂರಲಾರರು. ಬಲ್ಲವರು ಪಕ್ಕದಲ್ಲಿದ್ದರೆ ಈ ಬೈಂಡಿಂಗ್ ಹೊಸಬರಿಗೆ ವರ. ಇಲ್ಲದಿದ್ದರೆ ಎರಡು ಪಟ್ಟಿಯದೇ ಕ್ಷೇಮ. ಇದು ನಮ್ಮ ಅಭಿಪ್ರಾಯ. ಅಂಗಡಿಯವರು ಇದನ್ನು ಒಪ್ಪಲಿಕ್ಕಿಲ್ಲ.

ಅಳತೆ ತೆಗೆಯುವ ಕ್ರಮ

ಮೊದಲು ಬೂಟು, ಅನಂತರ ಬೈಂಡಿಂಗ್. ಈ ಕ್ರಮವನ್ನು ತಿರುವುಮುರುವು ಮಾಡಬಾರದು. ಬೂಟಿನ ಅಳತೆಯಲ್ಲಿ ನಮ್ಮವರು ಮೋಸಹೋಗುವುದುಂಟು. ಭಾರತದ ಚಪ್ಪಲಿ ಅಂಗಡಿಗಳಲ್ಲಿ ರೂಢಿಯಲ್ಲಿರುವುದು ಇಂಗ್ಲೆಂಡಿನ ಅಂಕಿ; ಅಮೆರಿಕೆಯ ಗಂಡಸರ ಅಂಕಿ ಅದಕ್ಕಿಂತ ಸುಮಾರು ಒಂದು ಹೆಚ್ಚು, ಹೆಂಗಸರದು ಇನ್ನೂ ಬೇರೆ. ಹಿಮ್ಮಡಿಯನ್ನು ಗೋಡೆಗೆ ಒತ್ತಿ ನಿಂತು, ಉದ್ದನೆಯ ಬೆರಳಿನ ತುದಿಯವರೆಗೆ ಸೆಂಟಿಮೀಟರಿನಲ್ಲಿ ಅಳೆದುಕೊಳ್ಳುವುದೇ ನಿಶ್ಚಿತ ಮಾರ್ಗ. ಹಿಮದ ಬೂಟುಗಳ ಮೇಲೆ ಆ ಸೆಂಟಿಮೀಟರಿನ ಅಂಕಿಯೂ ಮುದ್ರಿತವಾಗಿರುತ್ತದೆ. ಬೂಟು ತೊಟ್ಟು ನೆಟ್ಟಗೆ ನಿಂತಾಗ ಬೆರಳುಗಳು ತುದಿಗೆ ಮೆಲ್ಲನೆ ತಾಕಬೇಕು. ಮೊಣಕಾಲು ಬಾಗಿಸಿದಾಗ ಹಿಂದಕ್ಕೆ ಸರಿಯಬೇಕು. ಕಾಲುಚೀಲ ಒಂದೇ ಜೊತೆ, ಅದೂ ತೆಳುವಾದದ್ದು. ಎರಡು ಜೊತೆ ಹಾಕಿದರೆ ಬೆಚ್ಚಗಾಗುವುದಿಲ್ಲ. ರಕ್ತಸಂಚಾರಕ್ಕೆ ಅಡ್ಡಿಯಾಗಿ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಈ ಮಾತನ್ನು ನಮ್ಮ ಮನೆಯವರು ಒಪ್ಪಲು ಒಂದು ತಿಂಗಳು ಹಿಡಿಯಿತು.

ಬೈಂಡಿಂಗಿಗೆ ಸಣ್ಣ, ಮಧ್ಯಮ, ದೊಡ್ಡ ಎಂಬ ಅಳತೆಗಳಿವೆ. ಯಾವ ಬೂಟಿಗೆ ಯಾವುದು ಎಂಬುದಕ್ಕೆ ತಯಾರಕರ ಪಟ್ಟಿಯನ್ನೇ ನೋಡಬೇಕು; ಒಬ್ಬರ ಮಧ್ಯಮ ಇನ್ನೊಬ್ಬರ ಮಧ್ಯಮವಲ್ಲ. ಬೂಟು ಎರಡು ಅಳತೆಗಳ ಗಡಿಯಲ್ಲಿ ಬಂದರೆ ಬೂಟನ್ನೇ ಅಂಗಡಿಗೆ ಒಯ್ದು ತೊಟ್ಟು ನೋಡುವುದು ಲೇಸು. ಹಲಗೆಗೆ ಹೊಂದುತ್ತದೆಯೇ ಎಂಬುದನ್ನೂ ಕೇಳಿಕೊಳ್ಳಬೇಕು. ಹೆಚ್ಚಿನ ಹಲಗೆಗಳಲ್ಲಿ ಸ್ಕ್ರೂ ರಂಧ್ರಗಳು ನಾಲ್ಕು ಸೆಂಟಿಮೀಟರ್ ಚೌಕದಲ್ಲಿಯೋ ಎರಡು ಸೆಂಟಿಮೀಟರ್ ಅಂತರದಲ್ಲಿಯೋ ಇರುತ್ತವೆ. ಬರ್ಟನ್ ಸಂಸ್ಥೆಯ ಹಲಗೆಗಳಲ್ಲಿ ರಂಧ್ರಗಳ ಬದಲು ಉದ್ದನೆಯ ಒಂದು ಕಾಲುವೆ ಇರುವುದರಿಂದ ಅದಕ್ಕೆ ಒಪ್ಪುವ ತಟ್ಟೆ ಬೇಕಾಗುತ್ತದೆ.

ಹೊಂದಿಕೆಯನ್ನು ಮನೆಯಲ್ಲಿಯೇ, ಜಮಖಾನೆಯ ಮೇಲೆ ಹಲಗೆಯನ್ನಿಟ್ಟು ಮಾಡಬೇಕು. ಗುಡ್ಡದ ಮೇಲೆ ಬೆರಳು ಮರಗಟ್ಟಿದಾಗ ಮಾಡುವ ಕೆಲಸ ಇದಲ್ಲ. ಬೂಟಿನ ಬೆರಳ ತುದಿಯೂ ಹಿಮ್ಮಡಿಯೂ ಹಲಗೆಯ ಎರಡು ಅಂಚುಗಳಿಂದ ಸಮನಾಗಿ ಹೊರಬಂದಿರುವಂತೆ ಬೈಂಡಿಂಗನ್ನು ಕೂರಿಸಬೇಕು. ಬಳಿಕ ಪಟ್ಟಿಯನ್ನು ಬೂಟಿನ ನಡುಮಧ್ಯಕ್ಕೆ ತಂದು, ಎಡಬಲಗಳೆರಡರಲ್ಲಿಯೂ ಸಮನಾಗಿ ಬಿಗಿಯುತ್ತ, ಪ್ರತಿಸಲ ಒಂದೊಂದು ಹಲ್ಲು ಏರಿಸಿ ಲಿವರ್ ಮುಚ್ಚಿ ನೋಡಬೇಕು. ಲಿವರ್ ಮುಚ್ಚಲು ಅಂಗೈಯ ಬಲ ಸ್ವಲ್ಪ ಬೇಕೆನಿಸಬೇಕು. ತೀರ ಹಗುರವಾಗಿ ಬಿದ್ದುಕೊಂಡರೆ ಸಡಿಲ, ಇಡೀ ಮೈಯ ಭಾರ ಹಾಕಬೇಕಾದರೆ ಅತಿಬಿಗಿ. ಆಮೇಲೆ ಎರಡೂ ಕಾಲನ್ನು ಬಿಗಿದು, ಮೊಣಕಾಲು ಬಾಗಿಸಿ ಬೆರಳ ಮೇಲೆ ಭಾರ ಹಾಕಿ, ಇನ್ನೊಬ್ಬರು ಪಕ್ಕದಲ್ಲಿ ಕುಳಿತು ಹಿಮ್ಮಡಿಯನ್ನು ಗಮನಿಸಬೇಕು. ಬೂಟು ತಳದಿಂದ ಎದ್ದರೆ ಇನ್ನೂ ಒಂದು ಹಲ್ಲು. ಬೂಟು ಏಳದೆ ಬೂಟಿನೊಳಗೆ ಪಾದ ಏಳುತ್ತಿದ್ದರೆ ಅದು ಬೈಂಡಿಂಗಿನ ದೋಷವಲ್ಲ, ಬೂಟಿನದು. ಈ ಎರಡನ್ನು ಬೇರ್ಪಡಿಸಿ ನೋಡದೆ ಪಟ್ಟಿಯನ್ನೇ ಬಿಗಿಯುತ್ತ ಹೋಗಿ ಪಾದ ಜೋಮುಹಿಡಿಸಿಕೊಂಡವರನ್ನು ನಾವು ಕಂಡಿದ್ದೇವೆ.

ಸರಿಯಾದ ಹಲ್ಲು ಸಿಕ್ಕ ಮೇಲೆ ಅಲ್ಲಿ ಅಳಿಸದ ಶಾಯಿಯ ಗುರುತು ಮಾಡಿಡಬೇಕು. ಬೂಟು ಬದಲಾದರೆ ಗುರುತೂ ಬದಲಾಗಬೇಕು. ಹೊಸ ಬೂಟು ಕೆಲವು ದಿನಗಳಲ್ಲಿ ಒಗ್ಗಿ ತುಸು ತೆಳುವಾಗುವುದರಿಂದ ಮೊದಲ ನಾಲ್ಕೈದು ದಿನಗಳ ಬಳಿಕ ಪುನಃ ನೋಡಬೇಕು. ತಳದ ಸ್ಕ್ರೂಗಳನ್ನೂ ಅಷ್ಟೆ. ಮೊದಲ ದಿನ ಎರಡು ಸಲ ಇಳಿದು ಬಂದ ಮೇಲೆ ಒಮ್ಮೆ ತಿರುಪಿ ನೋಡುವುದು ಅವಶ್ಯ.

ಯಾರಿಗೆ ಯಾವುದು

ಬೈಂಡಿಂಗುಗಳನ್ನು ಅವುಗಳ ಬಾಗುಗುಣಕ್ಕೆ ಅನುಸಾರವಾಗಿ ಒಂದರಿಂದ ಹತ್ತರವರೆಗೆ ಅಂಕಿ ಕೊಟ್ಟು ಮಾರುತ್ತಾರೆ. ಒಂದು ಎಂದರೆ ಮೃದು, ಹತ್ತು ಎಂದರೆ ಬಿರುಸು. ಮೃದುವಾದದ್ದು ಸಣ್ಣಪುಟ್ಟ ತಪ್ಪುಗಳನ್ನು ನುಂಗಿಕೊಳ್ಳುತ್ತದೆ. ಬಿರುಸಾದದ್ದು ಕಾಲಿನ ಅಲ್ಪ ಚಲನೆಯನ್ನೂ ಹಲಗೆಗೆ ದಾಟಿಸುತ್ತದೆ. ಈ ಅಂಕಿಗಳು ಆಯಾ ತಯಾರಕರು ತಾವೇ ಕೊಟ್ಟುಕೊಂಡವು ಎಂಬುದನ್ನು ಮರೆಯಬಾರದು.

ಕಲಿಯುವವರಿಗೆ ಎರಡರಿಂದ ನಾಲ್ಕರೊಳಗಿನ ಮೃದುವಾದ ಬೈಂಡಿಂಗ್ ಸಾಕು. ಪಾದದ ಮೇಲ್ಭಾಗವನ್ನೆಲ್ಲ ಒಂದೇ ಅಗಲವಾದ ಹೊದಿಕೆ ಆವರಿಸುವ ಪಟ್ಟಿ ಅವರಿಗೆ ಒಳ್ಳೆಯದು. ಒತ್ತಡ ಒಂದೆಡೆ ಬೀಳದೆ ಹರಡಿಕೊಳ್ಳುತ್ತದೆ. ಒರಗು ಹಿಂದಕ್ಕೆ ಮಲಗಿದಾಗ ಪಟ್ಟಿಯೂ ತಾನಾಗಿ ಮೇಲೇಳುವ ಮಾದರಿಗಳಿವೆ. ಬೂಟು ಸಲೀಸಾಗಿ ಒಳಸೇರುವುದರಿಂದ ಮಕ್ಕಳಿಗೆ ಅವೇ ಅನುಕೂಲ. ಒರಗನ್ನು ಮುಂದಕ್ಕೆ ವಾಲಿಸುವ ತಿರುಪು ಇರುತ್ತದೆ. ಹೊಸಬರಿಗೆ ಅದನ್ನು ಸೊನ್ನೆಯಲ್ಲಿಯೇ ಇಡಬೇಕು. ಪಾದಗಳೆರಡೂ ತುಸು ಹೊರಮುಖವಾಗಿ, ಮುಂಗಾಲು ಸುಮಾರು 15 ಡಿಗ್ರಿ, ಹಿಂಗಾಲು ಅದಕ್ಕಿಂತ ಕಡಿಮೆ ತಿರುಗಿರುವಂತೆ ಕೂರಿಸುವುದು ರೂಢಿ. ಮಗು ಕೈಗವಸು ತೊಟ್ಟೇ ಲಿವರನ್ನು ಮುಚ್ಚಬಲ್ಲದೇ ಎಂಬ ಪರೀಕ್ಷೆಯನ್ನು ಅಂಗಡಿಯಲ್ಲಿಯೇ ಮಾಡಿಸಿ. ಪ್ರತಿಸಲ ಅಪ್ಪನನ್ನು ಕರೆಯಬೇಕಾದರೆ ಕೊಂಡು ಫಲವೇನು?

ಇಲ್ಲಿ ಇನ್ನೊಂದು ವಿವೇಚನೆ ಅಗತ್ಯ. ಬೆಳೆಯುವ ಮಕ್ಕಳ ಪಾದ ವರ್ಷವರ್ಷವೂ ಹಿಗ್ಗುತ್ತದೆ. ಮೊದಲ ವರ್ಷ ಇಡೀ ಋತುವಿಗೆ ಬಾಡಿಗೆಗೆ ತರುವುದೇ ಜಾಣತನ. ಹಣವಿದ್ದರೂ ಮೊದಲು ಬೂಟಿಗೆ, ಬಳಿಕ ತಲೆಗಾಪು ಮತ್ತು ಮಣಿಕಟ್ಟಿನ ಕಾಪಿಗೆ, ಉಳಿದರೆ ಬೈಂಡಿಂಗಿಗೆ ವ್ಯಯಿಸಬೇಕು. ನಮ್ಮ ಮನೆಯಲ್ಲಿ ನಡೆದದ್ದು ಇದಕ್ಕೆ ತೀರ ವಿರುದ್ಧವಾದ ಕ್ರಮ.

ತಿರುವುಗಳನ್ನು ಒಂದರ ಹಿಂದೊಂದು ಜೋಡಿಸಿ, ಬೀಳದೆ ಗುಡ್ಡ ಇಳಿಯಬಲ್ಲವರನ್ನು ಮಧ್ಯಮರೆಂದು ತಿಳಿಯಬಹುದು. ಹಿಂಬದಿಯ ಬೈಂಡಿಂಗ್ ಎಲ್ಲರಿಗಿಂತ ಹೆಚ್ಚು ಒಪ್ಪುವುದು ಇವರಿಗೇ ಎಂದು ನಮಗನ್ನಿಸಿದೆ. ಇವರು ಹದಗೊಳಿಸಿದ ಹಿಮದ ದಾರಿಗಳಲ್ಲಿಯೇ ಹೆಚ್ಚಾಗಿ ಇಳಿಯುತ್ತಾರೆ, ದಿನಕ್ಕೆ ಹೆಚ್ಚು ಸಲ ಲಿಫ್ಟ್ ಏರುತ್ತಾರೆ, ಬಿಗಿತ ಸಡಿಲವಾದರೆ ಕಾಲೇ ಅವರಿಗೆ ಹೇಳುತ್ತದೆ. ನಾಲ್ಕರಿಂದ ಆರರ ನಡುವಣ ಅಂಕಿ ಸಾಕು. ಕಣಕಾಲಿನ ಪಟ್ಟಿಯೂ ಬೆರಳ ಪಟ್ಟಿಯೂ ಬೇರೆಬೇರೆಯಾಗಿ ಹೊಂದಿಸಿಕೊಳ್ಳಬಹುದಾದ ಮಾದರಿ ಇವರಿಗೆ ತಕ್ಕದ್ದು. ಅಳಿಯಂದಿರು ಆರಿಸಿಕೊಂಡದ್ದು ಇಂಥದನ್ನೇ. ಕೆಲವು ದಿನಗಳ ನಂತರ ಸೊಂಟದ ವಿಷಯ ಕೇಳಿದೆವು. "ಮಾವನವರೇ, ಹಿಮದಾಗ ಕೂತು ಏಳೋದು ತಪ್ಪೇತಿ, ಬಾಗೋದು ತಪ್ಪಿಲ್ರಿ" ಎಂದರು. ಇದು ಸತ್ಯವಾದ ಮಾತು. ಲಿವರ್ ಹಿಮ್ಮಡಿಯ ಹಿಂದೆ ಇರುವುದರಿಂದ ಕೈ ಅಲ್ಲಿಯವರೆಗೆ ಹೋಗಲೇಬೇಕು. ಬಾಗಲು ಸಾಧ್ಯವೇ ಇಲ್ಲದವರು ಮೆಟ್ಟಿದೊಡನೆ ಹಿಡಿದುಕೊಳ್ಳುವ ಹೊಸ ಬಗೆಗಳನ್ನು ನೋಡಬಹುದು. 2017ರಲ್ಲಿ ಬಂದ ಬರ್ಟನ್ ಸಂಸ್ಥೆಯ 'ಸ್ಟೆಪ್ ಆನ್' ಅಂಥದು. ಆದರೆ ಅದಕ್ಕೆ ಅದರದೇ ಬೂಟು ಬೇಕು. ನಿಡೆಕರ್ ಬಳಗದ 'ಸೂಪರ್‌ಮ್ಯಾಟಿಕ್' ಸಾಮಾನ್ಯ ಬೂಟುಗಳಿಗೂ ಒಪ್ಪುವಂಥದು. ಬೆಲೆ ಮಾತ್ರ ಹೆಚ್ಚು.

ಇನ್ನು ನುರಿತವರ ವಿಚಾರ. ಏಳರಿಂದ ಮೇಲ್ಪಟ್ಟ ಬಿರುಸು, ಅಲ್ಯೂಮಿನಿಯಮ್ಮಿನ ತಳ, ಬೇರ್ಪಟ್ಟ ಎರಡು ಪಟ್ಟಿಗಳು ಇವರಿಗಾಗಿ ಮಾರಾಟವಾಗುತ್ತವೆ. ವೇಗವಾಗಿ, ಗಟ್ಟಿ ಹಿಮದ ಕಡಿದಾದ ಇಳಿಜಾರಿನಲ್ಲಿ ಹೋಗುವವರಿಗೆ ಅವು ಸರಿ. ಆದರೆ ನುರಿತವರೆಲ್ಲರಿಗೂ ಬಿರುಸೇ ಬೇಕೆಂಬುದು ತಪ್ಪು ಕಲ್ಪನೆ. ಹಾರುವ, ತಿರುಗುವ ಆಟಗಳನ್ನು ಆಡುವವರು ನುರಿತವರಾಗಿಯೂ ಮೃದುವಾದದ್ದನ್ನೇ ಬಯಸುತ್ತಾರೆ.

ಈ ಬೈಂಡಿಂಗಿನ ಮಿತಿ ಸ್ಪಷ್ಟವಾಗಿ ಗೋಚರಿಸುವುದು ಆಳವಾದ ಹಿಮದಲ್ಲಿ. ಒರಗು ಹಿಂದಕ್ಕೆ ಮಲಗಲು ಜಾಗ ಬೇಕು. ಮೊಣಕಾಲುದ್ದ ಹಿಮದಲ್ಲಿ ಹಲಗೆ ಹೂತಿರುವಾಗ ಆ ಜಾಗವೆಲ್ಲಿಯದು? ಕಡಿದಾದ ಇಳಿಜಾರಿನಲ್ಲಿ ಕುಳಿತಾಗಲೂ ಒರಗು ಗುಡ್ಡಕ್ಕೇ ತಾಗುತ್ತದೆ. ಮೇಲಾಗಿ ಬೂಟಿನ ಅಡಿಯಲ್ಲಿಯೂ ಬೈಂಡಿಂಗಿನ ತಳದಲ್ಲಿಯೂ ಹಿಮ ಮೆತ್ತಿ ಗಟ್ಟಿಯಾದರೆ ಬೂಟು ಎತ್ತರದಲ್ಲಿ ಕೂರುತ್ತದೆ, ಒರಗು ಮುಚ್ಚುವುದೇ ಇಲ್ಲ. ಬಲವಂತವಾಗಿ ಮುಚ್ಚಿದರೆ ದಾರಿಯಲ್ಲಿ ಆ ಮಂಜು ಪುಡಿಯಾಗಿ ಪಟ್ಟಿ ಸಡಿಲವಾಗುತ್ತದೆ. ಮಗಳ ಮೈದುನ ಈ ಕಾರಣಕ್ಕಾಗಿಯೇ ಎರಡು ಜೊತೆ ಇಟ್ಟುಕೊಂಡಿದ್ದಾನೆ: ಹದಗೊಳಿಸಿದ ದಾರಿಗೆ ಹಿಂಬದಿಯದು, ಹೊಸ ಹಿಮ ಬಿದ್ದ ದಿನಕ್ಕೆ ಎರಡು ಪಟ್ಟಿಯದು. ಒಂದೇ ಜೊತೆ ಕೊಳ್ಳುವವರು ಅಗತ್ಯಬಿದ್ದಾಗ ಬಕಲ್‌ಗಳನ್ನು ಪೂರ್ತಿ ಬಿಚ್ಚಿ ಮುಂದಿನಿಂದಲೂ ಕಾಲಿರಿಸಬಹುದಾದ ಮಾದರಿಯನ್ನೇ ಆರಿಸಬೇಕು.

ಕರ್ನಾಟಕದ ತರುಣರು ಈಚಿನ ವರ್ಷಗಳಲ್ಲಿ ಕಾಶ್ಮೀರದ ಗುಲ್ಮಾರ್ಗಿಗೂ ಉತ್ತರಾಖಂಡದ ಔಲಿಗೂ ಕಲಿಯಲು ಹೋಗುತ್ತಿದ್ದಾರೆ. ಗುಲ್ಮಾರ್ಗಿನ ಗೊಂಡೋಲಾ ಸುಮಾರು 4,000 ಮೀಟರ್ ಎತ್ತರದ ಸಮೀಪಕ್ಕೆ ಒಯ್ಯುತ್ತದೆ. ಅಲ್ಲಿಯ ಮೇಲಣ ಇಳಿಜಾರುಗಳು ಪ್ರಸಿದ್ಧವಾಗಿರುವುದೇ ಹದಗೊಳಿಸದ ಆಳವಾದ ಹಿಮಕ್ಕೆ. ವಿದೇಶದಲ್ಲಿರುವ ಅಣ್ಣನೋ ಭಾವನೋ ಬಳಸಿ ಬಿಟ್ಟ ಹಿಂಬದಿಯ ಬೈಂಡಿಂಗನ್ನು ತರಿಸಿಕೊಂಡು ಅಲ್ಲಿಗೆ ಹೋಗುವವರು ಈ ಸಂಗತಿಯನ್ನು ಗಮನಿಸಬೇಕು. ಬಳಸಿದ್ದನ್ನು ಪಡೆಯುವಾಗ ಉಕ್ಕಿನ ತಂತಿಯ ಎಳೆಗಳು ಬಿಚ್ಚಿವೆಯೇ, ಲಿವರಿನ ಕೀಲು ಸವೆದಿದೆಯೇ, ಪಟ್ಟಿಯ ಹಲ್ಲುಗಳು ಮೊಂಡಾಗಿವೆಯೇ, ಒರಗಿನ ಬುಡದಲ್ಲಿ ಬಿರುಕಿದೆಯೇ ಎಂದು ಬೆಳಕಿನಲ್ಲಿ ಹಿಡಿದು ನೋಡಬೇಕು. ತಂತಿ ಗುಡ್ಡದ ಮೇಲೆ ಕಡಿದರೆ ಆ ಕಾಲು ಹಲಗೆಯಲ್ಲಿ ನಿಲ್ಲದು; ಬಿಡಿಭಾಗ ನಮ್ಮ ಊರಿನ ಅಂಗಡಿಗಳಲ್ಲಿ ದೊರೆಯುವಂಥದೂ ಅಲ್ಲ.

ವೈದ್ಯರು ಹೇಳಿದ ಒಂದು ಮಾತನ್ನೂ ಇಲ್ಲಿ ಸೇರಿಸುವುದು ಯುಕ್ತ. ಈ ಆಟದಲ್ಲಿ ಕಣಕಾಲಿನ ಹೊರಮಗ್ಗುಲಿಗೆ ಪೆಟ್ಟಾದರೆ ಉಳುಕೆಂದು ಎಣ್ಣೆ ತಿಕ್ಕಿ ಸುಮ್ಮನಾಗಬಾರದು. ಹಿಮ್ಮಡಿ ಎಲುಬಿನ ಮೇಲಿರುವ ತಾಲಸ್ ಎಂಬ ಎಲುಬಿನ ಹೊರಮೂಲೆ ಮುರಿಯುವುದು ಹಲಗೆಯವರಲ್ಲಿ ವಿಶೇಷವಾಗಿ ಕಂಡುಬರುತ್ತದೆ. ಸಾಮಾನ್ಯ ಎಕ್ಸ್‌ರೇಯಲ್ಲಿ ಅದು ಕಣ್ಣುತಪ್ಪಿಸಿಕೊಳ್ಳುವುದುಂಟು. ಕೆಲವು ದಿನಗಳಾದರೂ ಕಾಲೂರಲು ನೋವಾದರೆ ಸ್ನೋಬೋರ್ಡಿನಲ್ಲಿ ಬಿದ್ದದ್ದೆಂದು ವೈದ್ಯರಿಗೆ ತಪ್ಪದೆ ತಿಳಿಸಿ, ಅವರು ಹೇಳಿದರೆ ಸಿ.ಟಿ. ಪರೀಕ್ಷೆ ಮಾಡಿಸಬೇಕು.

ಕಟ್ಟು ಬಿಚ್ಚಿದ ಮೇಲೆ ಮೊಮ್ಮಗಳು ಗುಡ್ಡಕ್ಕೆ ಹೋಗಲು ಹಿಂಜರಿಯಬಹುದೆಂದು ನಾವು ಎಣಿಸಿದ್ದೆವು. ಹಿಂಜರಿದವರು ಅವಳ ಅಜ್ಜಿ. ಮಾರ್ಚಿ ತಿಂಗಳಿನ ಒಂದು ಶುಕ್ರವಾರ ರಾತ್ರಿ ನಡುಮನೆಯಲ್ಲಿ ಹಲಗೆಯನ್ನಿಟ್ಟು, ಹೊಸ ಬೂಟು, ಒಂದೇ ಜೊತೆ ಕಾಲುಚೀಲ ತೊಡಿಸಿ, ಹಿಮ್ಮಡಿಯ ಪಕ್ಕ ಕುಳಿತು ನೋಡುವ ಕೆಲಸವನ್ನು ನಮ್ಮ ಮನೆಯವರಿಗೇ ವಹಿಸಿದೆವು. ಮೂರು ಹಲ್ಲು ಏರಿಸಿದ ಮೇಲೆ ಬೂಟು ಏಳುವುದು ನಿಂತಿತು. ಆರನೆಯ ಹಲ್ಲಿಗೆ ಕೆಂಪು ಶಾಯಿಯ ಗುರುತು ಬಿತ್ತು. ಮಾರನೆಯ ದಿನ ಅವಳು ಮಣಿಕಟ್ಟಿಗೆ ಕಾಪು ಧರಿಸಿ, ನಿಂತೇ ಲಿವರ್ ಮುಚ್ಚಿಕೊಂಡು ಏಳು ಸಲ ಇಳಿದಳು.

ಮರುವರ್ಷ ನವೆಂಬರಿನಲ್ಲಿ ಧಾರವಾಡಕ್ಕೆ ಅವಳಿಂದ ದೂರವಾಣಿ ಬಂದಿತು. ಪಾದ ಬೆಳೆದು ಬೂಟು ಬದಲಾಗಿತ್ತು. "ಅಜ್ಜೀಗೆ ಹೇಳ್ರಿ, ಈ ಸಲ ನಾಕನೇ ಹಲ್ಲಿಗೇ ಬಿಗೀ ಆಗೇತಿ, ಅವ್ವ ಕುಂತು ನೋಡ್ಯಾಳ" ಎಂದಳು.